ಹುಳಿ ಹಾಲಿನಿಂದ ಓಟಗಾರನ ಕಾಲಿನವರೆಗೆ: ಒಂದು ನೋವಿನ ಚರಿತ್ರೆ



ಚರಿತ್ರೆ ಎಂದರೆ ರಾಜರ ಪಟ್ಟಿ ಮತ್ತು ಯುದ್ಧಗಳ ಇಸವಿ ಎಂದು ಭಾವಿಸಿದವರೇ ಹೆಚ್ಚು. ಮೂರು ದಶಕಗಳ ಕಾಲ ಪ್ರೌಢಶಾಲೆಯಲ್ಲಿ ಆ ವಿಷಯವನ್ನು ಬೋಧಿಸಿದ ನನಗೆ ಮಾತ್ರ ಬೇರೆಯದೇ ಒಂದು ಕುತೂಹಲ ಎಂದಿಗೂ ಇತ್ತು. ಮನುಷ್ಯ ಒಂದು ಕಾಲಕ್ಕೆ ಏನನ್ನು ನಂಬಿದ, ಏಕೆ ನಂಬಿದ, ಆ ನಂಬಿಕೆ ಹೇಗೆ ಬದಲಾಯಿತು ಎಂಬುದೂ ಚರಿತ್ರೆಯೇ. ಈ ದೃಷ್ಟಿಯಿಂದ ನೋಡಿದರೆ ನಮ್ಮ ಒಂದೊಂದು ನೋವಿಗೂ ಒಂದು ಚರಿತ್ರೆಯಿದೆ. ಈ ಸಲ ಹೊಸದಾಗಿ ಓಡಲು ತೊಡಗಿದವರ ಕಾಲುನೋವಿನ ಚರಿತ್ರೆಯನ್ನು ಬರೆಯುತ್ತಿದ್ದೇನೆ.

ಇದನ್ನು ಬರೆಯುವುದಕ್ಕೆ ಕಾರಣ ನೀವೇ. ನನ್ನ ಬಳಿ ಓದಿದ ಅನೇಕರು ಈಗ ನಲವತ್ತು, ಐವತ್ತು ದಾಟಿದ್ದೀರಿ. ಕುರ್ಚಿಯ ಕೆಲಸ, ಹೊತ್ತಲ್ಲದ ಹೊತ್ತಿನ ಊಟ, ಸಕ್ಕರೆ ಕಾಯಿಲೆ, ರಕ್ತದೊತ್ತಡ. ವೈದ್ಯರು ಓಡಿರಿ ಎನ್ನುತ್ತಾರೆ. ಹೊಸ ಬೂಟು ಕೊಂಡು ಎರಡು ದಿನ ಉತ್ಸಾಹದಿಂದ ಓಡುತ್ತೀರಿ. ಮೂರನೆಯ ದಿನ ತೊಡೆ ಕಲ್ಲಾಗಿರುತ್ತದೆ, ಮೀನಖಂಡ ಮುಟ್ಟಿದರೆ ಉರಿಯುತ್ತದೆ, ಮೆಟ್ಟಿಲು ಇಳಿಯಲು ಗೋಡೆ ಹಿಡಿಯಬೇಕಾಗುತ್ತದೆ. "ಸಾರ್, ಇದು ನಮ್ಮ ವಯಸ್ಸಿಗೆ ಒಗ್ಗುವುದಿಲ್ಲ" ಎಂದು ಹೇಳಿ ಬೂಟನ್ನು ಮೂಲೆಗೆ ಸೇರಿಸುತ್ತೀರಿ. ಹಾಗೆ ಮೂಲೆಗೆ ಸೇರಿಸಿದವರಲ್ಲಿ ಒಬ್ಬನ ತಂದೆ ಐವತ್ತೆರಡನೆಯ ವಯಸ್ಸಿಗೇ ಹೃದಯಾಘಾತದಿಂದ ತೀರಿಕೊಂಡಿದ್ದರು. ಅವನಿಗೆ ಓಟ ಹವ್ಯಾಸವಲ್ಲ, ಅಗತ್ಯ. ಅವನನ್ನು ಸೋಲಿಸಿದ್ದು ಹೃದಯವೂ ಅಲ್ಲ, ಶ್ವಾಸಕೋಶವೂ ಅಲ್ಲ. ಮೂರೇ ದಿನ ಇದ್ದು ಹೋಗುವ ಒಂದು ನೋವು, ಮತ್ತು ಆ ನೋವನ್ನು ಕುರಿತ ತಪ್ಪು ತಿಳಿವಳಿಕೆ. ಆ ತಪ್ಪು ತಿಳಿವಳಿಕೆ ಎಲ್ಲಿಂದ ಬಂತು ಎಂಬುದೇ ಈ ಲೇಖನದ ವಸ್ತು.

ಹಳಬರು ಕಂಡದ್ದು

ದುಡಿದ ಮೈ ನೋಯುತ್ತದೆ ಎಂಬುದು ಮನುಷ್ಯನಿಗೆ ಆದಿಯಿಂದಲೂ ಗೊತ್ತು. ಅದನ್ನು ಕ್ರಮವಾಗಿ ವಿಂಗಡಿಸಿ ಬರೆದವರಲ್ಲಿ ಗ್ಯಾಲೆನ್ ಪ್ರಮುಖನು. ಕ್ರಿ.ಶ. ಎರಡನೆಯ ಶತಮಾನದಲ್ಲಿ ಪೆರ್ಗಮಮ್ ನಗರದಲ್ಲಿ ಕತ್ತಿಮಲ್ಲರ ವೈದ್ಯನಾಗಿದ್ದ ಈತ ಮುಂದೆ ರೋಮಿನ ಚಕ್ರವರ್ತಿಗಳಿಗೂ ವೈದ್ಯನಾದನು. ಆರೋಗ್ಯರಕ್ಷಣೆಯನ್ನು ಕುರಿತ ತನ್ನ ಗ್ರಂಥದಲ್ಲಿ ಅವನು ಆಯಾಸವನ್ನು ಬಗೆಬಗೆಯಾಗಿ ವಿಂಗಡಿಸಿದ್ದಾನೆ: ಹುಣ್ಣಾದಂತೆ ನೋಯುವುದು ಒಂದು, ಬಿಗಿದು ಎಳೆದಂತಾಗುವುದು ಇನ್ನೊಂದು, ಊದಿ ಬಿಸಿಯಾದಂತಿರುವುದು ಮತ್ತೊಂದು. ಅಂಗಮರ್ದನ, ಸ್ನಾನ, ಹಗುರವಾದ ಚಲನೆ ಇವೇ ಅವನು ಹೇಳಿದ ಪರಿಹಾರಗಳು.

ನಮ್ಮಲ್ಲಿಯೂ ಈ ಚಿಂತನೆ ಹಿಂದೆ ಬಿದ್ದಿರಲಿಲ್ಲ. ಸುಶ್ರುತಸಂಹಿತೆಯೂ ವಾಗ್ಭಟನ ಅಷ್ಟಾಂಗಹೃದಯವೂ ವ್ಯಾಯಾಮವನ್ನು ತನ್ನ ಶಕ್ತಿಯ ಅರ್ಧದಷ್ಟು ಮಾತ್ರ ಮಾಡಬೇಕೆಂದು ವಿಧಿಸುತ್ತವೆ. ವ್ಯಾಯಾಮದ ನಂತರ ಮೈಯನ್ನು ಹಿತವಾಗಿ ಎಲ್ಲೆಡೆ ತಿಕ್ಕಿಸಿಕೊಳ್ಳಬೇಕೆಂದೂ ವಾಗ್ಭಟ ಹೇಳುತ್ತಾನೆ. ಹನ್ನೆರಡನೆಯ ಶತಮಾನದಲ್ಲಿ ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ ರಚಿಸಿದ ಮಾನಸೋಲ್ಲಾಸದ ಮಲ್ಲವಿನೋದ ಭಾಗದಲ್ಲಿ ಜಟ್ಟಿಗಳ ಆಹಾರ, ಅಭ್ಯಾಸಗಳ ವಿವರವಿದೆ. ಭಾರಶ್ರಮ, ಭ್ರಮಣಶ್ರಮ, ಸಲಿಲಶ್ರಮ, ಸ್ತಂಭಶ್ರಮ ಎಂದು ಭಾರ ಹೊರುವುದು, ನಡೆಯುವುದು, ಈಜುವುದು, ಕಂಬದ ಮೇಲೆ ಸಾಮು ಮಾಡುವುದು ಇವೆಲ್ಲ ಅಲ್ಲಿ ಬೇರೆ ಬೇರೆಯಾಗಿ ಹೆಸರಿಸಲ್ಪಟ್ಟಿವೆ. ನಮ್ಮ ಗರಡಿಮನೆಗಳ ಉಸ್ತಾದರು ಈ ಗ್ರಂಥಗಳನ್ನು ಓದಿದ್ದರೋ ಇಲ್ಲವೋ, ಹೊಸ ಹುಡುಗನಿಗೆ ಮೊದಲ ದಿನವೇ ನೂರು ಬಸ್ಕಿ ಹೊಡೆಸುತ್ತಿರಲಿಲ್ಲ. ಇಪ್ಪತ್ತರಿಂದ ಆರಂಭಿಸಿ, ಮೈ ಪಳಗಿದಂತೆ ಏರಿಸುತ್ತಿದ್ದರು.

ಗಮನಿಸಬೇಕಾದ ಅಂಶವೆಂದರೆ, ಹಳಬರಲ್ಲಿ ಯಾರಿಗೂ ನೋವಿನ ಕಾರಣ ತಿಳಿದಿರಲಿಲ್ಲ; ಆದರೆ ಕ್ರಮ ತಿಳಿದಿತ್ತು. ಆಧುನಿಕ ವಿಜ್ಞಾನ ಕಾರಣವನ್ನು ಹುಡುಕಲು ಹೊರಟಿತು. ಹುಡುಕುತ್ತಾ ಮೊದಲು ದಾರಿ ತಪ್ಪಿತು.

ಹುಳಿ ಹಾಲಿನ ಕಥೆ

1780ರಲ್ಲಿ ಸ್ವೀಡನ್ನಿನ ಔಷಧ ವ್ಯಾಪಾರಿ ಹಾಗೂ ರಸಾಯನಶಾಸ್ತ್ರಜ್ಞ ಕಾರ್ಲ್ ವಿಲ್ಹೆಲ್ಮ್ ಶೀಲೆ ಹುಳಿತ ಹಾಲಿನಿಂದ ಒಂದು ಆಮ್ಲವನ್ನು ಬೇರ್ಪಡಿಸಿದನು. ಹಾಲಿನಿಂದ ಬಂದುದರಿಂದ ಅದಕ್ಕೆ ಲ್ಯಾಕ್ಟಿಕ್ ಆಮ್ಲ ಎಂಬ ಹೆಸರಾಯಿತು. ನಮ್ಮ ಅಡುಗೆಮನೆಯ ಮೊಸರಿನ ಹುಳಿಯೂ ಇದೇ. ಸುಮಾರು ಮೂರು ದಶಕಗಳ ನಂತರ, 1808ರ ಹೊತ್ತಿಗೆ, ಅದೇ ದೇಶದ ಬರ್ಸೀಲಿಯಸ್ ಪ್ರಾಣಿಗಳ ಮಾಂಸದ ರಸದಲ್ಲಿಯೂ ಈ ಆಮ್ಲವನ್ನು ಗುರುತಿಸಿದನು. ಬೇಟೆಗಾರರಿಗೆ ಸಿಕ್ಕುವ ಮೊದಲು ಬಹಳ ಓಡಿ ದಣಿದ ಸಾರಂಗದ ಮಾಂಸದಲ್ಲಿ ಅದು ಹೆಚ್ಚಿರುತ್ತದೆಂದು ಅವನು ಕಂಡನೆಂಬ ಕಥೆಯನ್ನು ಶರೀರಶಾಸ್ತ್ರದ ಪುಸ್ತಕಗಳು ಇಂದಿಗೂ ಹೇಳುತ್ತವೆ. ಓಟಕ್ಕೂ ಈ ಆಮ್ಲಕ್ಕೂ ನಂಟು ಬೆಸೆದದ್ದು ಹೀಗೆ.

1907ರಲ್ಲಿ ಕೇಂಬ್ರಿಡ್ಜಿನ ಫ್ಲೆಚರ್ ಮತ್ತು ಹಾಪ್ಕಿನ್ಸ್ ಈ ನಂಟಿಗೆ ಭದ್ರವಾದ ತಳಹದಿ ಹಾಕಿದರು. ಕಪ್ಪೆಯ ಸ್ನಾಯುವನ್ನು ದಣಿಯುವವರೆಗೆ ದುಡಿಸಿ, ಒಡನೆಯೇ ಅತಿ ತಣ್ಣನೆಯ ಮದ್ಯಸಾರದಲ್ಲಿ ಅದ್ದಿ ಪರೀಕ್ಷಿಸಿದಾಗ ಲ್ಯಾಕ್ಟಿಕ್ ಆಮ್ಲ ಶೇಖರವಾಗಿದ್ದುದು ಕಂಡಿತು. ಆಮ್ಲಜನಕ ಒದಗಿಸಿದಾಗ ಅದು ಮಾಯವಾಯಿತು. ಅನಂತರ ಬಂದವರು ಇಂಗ್ಲೆಂಡಿನ ಎ. ವಿ. ಹಿಲ್ ಮತ್ತು ಜರ್ಮನಿಯ ಆಟೋ ಮೇಯರ್‌ಹಾಫ್. ಸ್ನಾಯುವಿನ ಶಾಖ ಹಾಗೂ ಈ ಆಮ್ಲದ ಕುರಿತ ಕೆಲಸಕ್ಕಾಗಿ ಇಬ್ಬರೂ 1922ರ ನೊಬೆಲ್ ಪ್ರಶಸ್ತಿಯನ್ನು ಹಂಚಿಕೊಂಡರು. ಹಿಲ್ ಸ್ವತಃ ಓಟಗಾರನಾಗಿದ್ದನು. ತಾನೂ ಓಡಿ, ತನ್ನ ಸಂಗಡಿಗರನ್ನೂ ಓಡಿಸಿ, ಉಸಿರನ್ನು ಚೀಲದಲ್ಲಿ ಹಿಡಿದು ಅಳೆದನು. ವೇಗ ಹೆಚ್ಚಾಗಿ ಆಮ್ಲಜನಕ ಸಾಲದಾದಾಗ ಸ್ನಾಯು ಸಾಲ ಮಾಡಿ ಬದುಕುತ್ತದೆ, ಆ ಸಾಲದ ಗುರುತು ಲ್ಯಾಕ್ಟಿಕ್ ಆಮ್ಲ ಎಂಬ ಅವನ ವಿವರಣೆ ಸಾಮಾನ್ಯ ಓದುಗರನ್ನೂ ಮುಟ್ಟಿತು.

ಇಲ್ಲಿಯವರೆಗೆ ಹೇಳಿದ ಪ್ರಯೋಗಗಳಲ್ಲಿ ಯಾವುದೂ ಓಡಿದ ಮರುದಿನದ ನೋವನ್ನು ಕುರಿತದ್ದಲ್ಲ ಎಂಬುದನ್ನು ದಯವಿಟ್ಟು ಗಮನಿಸಿರಿ. ಅವೆಲ್ಲ ಓಡುತ್ತಿರುವಾಗಿನ ದಣಿವನ್ನು ಕುರಿತವು. ಆದರೆ ನೊಬೆಲ್ ಪ್ರಶಸ್ತಿಯ ಪ್ರಭೆಯಲ್ಲಿ ಎರಡೂ ಒಂದೇ ಎಂಬಂತಾಯಿತು. ತರಬೇತಿದಾರರು, ಕ್ರೀಡಾ ಪತ್ರಕರ್ತರು, ಆಟದ ಮೈದಾನದ ಹಿರಿಯರು ಎಲ್ಲರೂ "ಕಾಲಿನಲ್ಲಿ ಆಮ್ಲ ನಿಂತಿದೆ, ಅದನ್ನು ಹೊರಹಾಕಬೇಕು" ಎಂದು ಹೇಳತೊಡಗಿದರು. ಹೊರಹಾಕುವ ಉಪಾಯವೇನು? ಇನ್ನಷ್ಟು ಓಡುವುದು! ನಾನು ಉಪಾಧ್ಯಾಯನಾಗಿದ್ದ ಕಾಲದಲ್ಲಿ ಒಂದು ಶಾಲೆಯ ವಾರ್ಷಿಕ ಕ್ರೀಡೋತ್ಸವದ ಅಭ್ಯಾಸದ ಸಂದರ್ಭದಲ್ಲಿ, ಹಿಂದಿನ ದಿನದ ಓಟದಿಂದ ಕುಂಟುತ್ತಿದ್ದ ಮಕ್ಕಳನ್ನು ಸೋಮಾರಿಗಳೆಂದು ಗದರಿ ಮೈದಾನಕ್ಕೆ ಇನ್ನೂ ನಾಲ್ಕು ಸುತ್ತು ಓಡಿಸಿದ್ದನ್ನು ಕಂಡಿದ್ದೇನೆ. ಓಡಿಸಿದವರು ಕೆಟ್ಟವರಲ್ಲ; ತಾವು ಕೇಳಿದ ವಿಜ್ಞಾನವನ್ನೇ ಅನುಸರಿಸುತ್ತಿದ್ದರು. ಆ ಮಕ್ಕಳಲ್ಲಿ ಕೆಲವರು ಮಾತ್ರ ಜನ್ಮದಲ್ಲಿ ಮತ್ತೆ ಓಡಲಿಲ್ಲ.

ಬುಡ ಅಲುಗಿದ್ದು, ಅದರಲ್ಲಿ ನಮ್ಮವರೊಬ್ಬರ ಪಾಲು

ವಿಜ್ಞಾನದ ಒಳಗೆ ಈ ಸಿದ್ಧಾಂತದ ಬುಡ ಬಹಳ ಬೇಗ ಅಲುಗಿತು. ಅದರಲ್ಲಿ ನಮ್ಮ ನೆರೆಯ ಆಂಧ್ರದ ಒಬ್ಬ ಮಹನೀಯರ ಪಾಲಿದೆ. 1895ರಲ್ಲಿ ಭೀಮವರಂನಲ್ಲಿ ಹುಟ್ಟಿ, ಮದರಾಸಿನಲ್ಲಿ ವೈದ್ಯಕೀಯ ಓದಿ, 1923ರಲ್ಲಿ ಅಮೆರಿಕದ ಬಾಸ್ಟನ್ ಸೇರಿದ ಯಲ್ಲಾಪ್ರಗಡ ಸುಬ್ಬರಾವ್ ಅವರು ಹಾರ್ವರ್ಡ್‌ನಲ್ಲಿ ಸೈರಸ್ ಫಿಸ್ಕ್ ಅವರೊಂದಿಗೆ 1927ರಲ್ಲಿ ಸ್ನಾಯುವಿನಲ್ಲಿ ಫಾಸ್ಫೋಕ್ರಿಯೇಟಿನ್ ಎಂಬ ವಸ್ತುವನ್ನು ಕಂಡುಹಿಡಿದರು. 1929ರಲ್ಲಿ ಎಟಿಪಿಯನ್ನೂ ಬೇರ್ಪಡಿಸಿದರು; ಅದೇ ವರ್ಷ ಜರ್ಮನಿಯ ಲೋಮನ್ ಕೂಡ ಸ್ವತಂತ್ರವಾಗಿ ಅದನ್ನು ಕಂಡುಹಿಡಿದನು. ಸ್ನಾಯುವಿನ ನಿಜವಾದ ಇಂಧನದ ನಾಣ್ಯ ಇದೇ. 1930ರಲ್ಲಿ ಡೆನ್ಮಾರ್ಕಿನ ಲುಂಡ್ಸ್‌ಗಾರ್ಡ್ ಒಂದು ರಾಸಾಯನಿಕದಿಂದ ಲ್ಯಾಕ್ಟಿಕ್ ಆಮ್ಲವೇ ಉತ್ಪತ್ತಿಯಾಗದಂತೆ ತಡೆದು, ಆದರೂ ಸ್ನಾಯು ಸಂಕುಚಿಸುತ್ತದೆಂದು ತೋರಿಸಿಕೊಟ್ಟನು. ಹಿಲ್ ದೊಡ್ಡ ಮನುಷ್ಯ. ತನ್ನ ಸಿದ್ಧಾಂತದ ಮುಖ್ಯ ಭಾಗವೇ ಕುಸಿದಾಗ ಮುನಿಸಿಕೊಳ್ಳದೆ, ಸ್ನಾಯುಶಾಸ್ತ್ರದಲ್ಲಿ ಕ್ರಾಂತಿಯಾಗಿದೆ ಎಂದು 1932ರಲ್ಲಿ ತಾನೇ ಲೇಖನ ಬರೆದನು.

ಕಾಲಾನಂತರ, 1980ರ ದಶಕದಲ್ಲಿ, ಕ್ಯಾಲಿಫೋರ್ನಿಯಾದ ಜಾರ್ಜ್ ಬ್ರೂಕ್ಸ್ ಲ್ಯಾಕ್ಟೇಟ್ ಕಸವಲ್ಲ, ಒಂದು ಅಂಗದಿಂದ ಇನ್ನೊಂದು ಅಂಗಕ್ಕೆ ಸಾಗುವ ಇಂಧನ ಎಂಬ ವಿಚಾರವನ್ನು ಮುಂದಿಟ್ಟನು. ಹೃದಯವೂ ಅದನ್ನು ಬಳಸುತ್ತದೆ, ಯಕೃತ್ತು ಅದರಿಂದ ಮತ್ತೆ ಸಕ್ಕರೆಯನ್ನು ತಯಾರಿಸುತ್ತದೆ. ಓಟ ನಿಂತ ಸುಮಾರು ಒಂದು ಗಂಟೆಯೊಳಗೆ ರಕ್ತದಲ್ಲಿ ಅದರ ಪ್ರಮಾಣ ಮೊದಲಿನ ಮಟ್ಟಕ್ಕೆ ಇಳಿಯುತ್ತದೆ. ಒಂದು ಗಂಟೆಯಲ್ಲಿ ಹೊರಟುಹೋದ ಅತಿಥಿ ಮೂರನೆಯ ದಿನ ಮನೆಯಲ್ಲಿ ಗಲಾಟೆ ಮಾಡುವುದು ಹೇಗೆ ಸಾಧ್ಯ?

ಯಾರೂ ಕೇಳದ ಒಂದು ಮಾತು

ಚರಿತ್ರೆಯ ವ್ಯಂಗ್ಯವೆಂದರೆ, ಸರಿಯಾದ ಸುಳಿವು ನೊಬೆಲ್ ಪ್ರಶಸ್ತಿಗಿಂತ ಎರಡು ದಶಕ ಮೊದಲೇ ದೊರೆತಿತ್ತು. ಇಟಲಿಯ ಆಂಜೆಲೊ ಮೊಸ್ಸೊ ಎಂಬಾತ ಬೆರಳಿನ ದುಡಿಮೆಯನ್ನು ಕಾಗದದ ಮೇಲೆ ಗೆರೆಯಾಗಿ ದಾಖಲಿಸುವ ಎರ್ಗೋಗ್ರಾಫ್ ಎಂಬ ಯಂತ್ರವನ್ನು ರೂಪಿಸಿದ್ದನು. ಆಯಾಸವನ್ನೇ ಕುರಿತು 1891ರಲ್ಲಿ ಒಂದು ಗ್ರಂಥವನ್ನೂ ಪ್ರಕಟಿಸಿದನು. ಬಾಸ್ಟನ್ನಿನಲ್ಲಿದ್ದ ಥಿಯೋಡರ್ ಹಫ್ ಅಂತಹುದೇ ಯಂತ್ರದಿಂದ ಬೆರಳಿನ ಸ್ನಾಯುವನ್ನು ದುಡಿಸಿ, ಅದರಿಂದ ಬರುವ ನೋವನ್ನು ಗಮನಿಸಿ, 1902ರಲ್ಲಿ ಫಲಿತಾಂಶವನ್ನು ಪ್ರಕಟಿಸಿದನು. ನೋವಿನಲ್ಲಿ ಎರಡು ಬಗೆಯಿದೆ ಎಂದನು. ದುಡಿಯುವಾಗಲೇ ಬಂದು ವಿಶ್ರಾಂತಿಯಿಂದ ಹೋಗುವುದು ಒಂದು. ಗಂಟೆಗಳ ನಂತರ ತಲೆಯೆತ್ತಿ, ಮುಂದಿನ ದಿನಗಳಲ್ಲಿ ಏರಿ, ನಿಧಾನವಾಗಿ ಇಳಿಯುವುದು ಇನ್ನೊಂದು. ಎರಡನೆಯದು ದಣಿವಿನ ವಿಷದಿಂದ ಬಂದುದಲ್ಲ, ಸ್ನಾಯುವಿನೊಳಗಿನ ಸೂಕ್ಷ್ಮವಾದ ಹರಿತದಿಂದ ಬಂದುದು, ಪಳಗದ ಸ್ನಾಯುವಿನಲ್ಲಿ ಮಾತ್ರ ಕಾಣುವಂಥದು ಎಂದು ಅವನು ತರ್ಕಿಸಿದನು. ಅವನ ಬಳಿ ಎಲೆಕ್ಟ್ರಾನ್ ಸೂಕ್ಷ್ಮದರ್ಶಕವಿರಲಿಲ್ಲ. ಇದ್ದದ್ದು ಒಂದು ಬೆರಳು, ಒಂದು ಸ್ಪ್ರಿಂಗು ಮತ್ತು ತಾಳ್ಮೆ. ಅವನ ಮಾತು ಅರ್ಧ ಶತಮಾನದಷ್ಟು ಕಾಲ ಬದಿಗೆ ಬಿದ್ದಿತ್ತು.

ಬೆನ್ನಿಗೆ ಬೆನ್ನು ಕೊಟ್ಟ ಎರಡು ಸೈಕಲ್ಲು

1952ರಲ್ಲಿ ಲಂಡನ್ನಿನಲ್ಲಿ ಅಬಟ್, ಬಿಗ್‌ಲ್ಯಾಂಡ್ ಮತ್ತು ರಿಚಿ ಎಂಬ ಮೂವರು ಒಂದು ಸೊಗಸಾದ ಪ್ರಯೋಗವನ್ನು ಪ್ರಕಟಿಸಿದರು. ನಿಂತಲ್ಲೇ ತುಳಿಯುವ ಎರಡು ಸೈಕಲ್ಲುಗಳನ್ನು ಬೆನ್ನಿಗೆ ಬೆನ್ನಾಗಿ ನಿಲ್ಲಿಸಿ, ಒಂದೇ ಸರಪಳಿಯಿಂದ ಜೋಡಿಸಿದರು. ಒಬ್ಬರು ಮುಂದಕ್ಕೆ ತುಳಿಯಬೇಕು. ಇನ್ನೊಬ್ಬರು ಹಿಂದಕ್ಕೆ ತಿರುಗುವ ಪೆಡಲನ್ನು ತಡೆಯಬೇಕು. ಇಬ್ಬರ ಕಾಲಿನ ಬಲವೂ ಸಮವೇ. ಆದರೆ ತುಳಿದವರು ಏದುಸಿರು ಬಿಟ್ಟರು, ತಡೆದವರಿಗೆ ಬಹಳ ಕಡಿಮೆ ಆಮ್ಲಜನಕ ಸಾಕಾಯಿತು. ರಾಯಲ್ ಸೊಸೈಟಿಯಲ್ಲಿ ಈ ಯಂತ್ರವನ್ನು ತೋರಿಸಿದಾಗ ತೆಳುಮೈಯ ಯುವತಿಯೊಬ್ಬಳು ಪೆಡಲು ತಡೆದು, ಎದುರಿಗಿದ್ದ ಯುವಕನನ್ನು ಸುಲಭವಾಗಿ ದಣಿಸಿಬಿಟ್ಟಳಂತೆ.

ಇದರಿಂದ ಸ್ನಾಯುವಿನ ಕೆಲಸದಲ್ಲಿ ಎರಡು ಬಗೆ ಇದೆ ಎಂಬುದು ಸ್ಪಷ್ಟವಾಯಿತು. ಬಾವಿಯಿಂದ ತುಂಬಿದ ಕೊಡವನ್ನು ಸೇದುವಾಗ ತೋಳಿನ ಸ್ನಾಯು ಗಿಡ್ಡವಾಗುತ್ತಾ ದುಡಿಯುತ್ತದೆ. ಅದೇ ಕೊಡವನ್ನು ತುಳುಕದಂತೆ ಮೆಲ್ಲಗೆ ನೆಲಕ್ಕೆ ಇಳಿಸುವಾಗ ಸ್ನಾಯು ಉದ್ದವಾಗುತ್ತಾ, ಆದರೂ ಬಿಗಿ ಹಿಡಿದು, ಭಾರವನ್ನು ತಡೆಯುತ್ತದೆ. ಇಳಿಜಾರಿನಲ್ಲಿ ಗಾಡಿಯನ್ನು ಕತ್ತಿನಿಂದ ತಡೆದು ಹಿಡಿಯುವ ಎತ್ತಿನ ಕೆಲಸವೂ ಇಂತಹುದೇ. ತಡೆಯುವ ಕೆಲಸದಲ್ಲಿ ಉಸಿರಿನ ಖರ್ಚು ಕಡಿಮೆ; ಆದರೆ ದುಡಿಯುವ ಎಳೆಗಳೂ ಕಡಿಮೆಯಾದ್ದರಿಂದ ಒಂದೊಂದು ಎಳೆಯ ಮೇಲೆ ಬೀಳುವ ಜಗ್ಗು ಹೆಚ್ಚು. ಮರುದಿನದ ನೋವು ಬರುವುದು ಈ ತಡೆಯುವ ಕೆಲಸದಿಂದಲೇ ಎಂದು ಅದೇ ದಶಕದಲ್ಲಿ ಕೋಪನ್‌ಹೇಗನ್ನಿನ ಎರ್ಲಿಂಗ್ ಆಸ್ಮುಸೆನ್ ತೋರಿಸಿದನು.

ನನ್ನೊಡನೆ ಶ್ರವಣಬೆಳಗೊಳದ ಪ್ರವಾಸಕ್ಕೆ ಬಂದವರಿಗೆ ಇದು ಸುಲಭವಾಗಿ ಅರ್ಥವಾಗಬೇಕು. ವಿಂಧ್ಯಗಿರಿಯ ಆರುನೂರಕ್ಕೂ ಮಿಕ್ಕ ಮೆಟ್ಟಿಲುಗಳನ್ನು ಹತ್ತುವಾಗ ಎದೆ ಡವಗುಟ್ಟುತ್ತಿತ್ತು. ಇಳಿಯುವಾಗ ನೀವು ನಗುತ್ತಾ ಹಾಡುತ್ತಾ ಓಡಿ ಇಳಿದಿರಿ. ಮರುದಿನ ತರಗತಿಯಲ್ಲಿ ಬೆಂಚಿನ ಮೇಲೆ ಕೂರಲಾಗದೆ ಒದ್ದಾಡಿದಿರಿ. ಎಲ್ಲರೂ ಹತ್ತಿದ್ದನ್ನು ದೂರಿದಿರಿ. ದೂರಬೇಕಾಗಿದ್ದದ್ದು ಇಳಿದದ್ದನ್ನು.

1981 ಮತ್ತು 1983

1981ರಲ್ಲಿ ಸ್ವೀಡನ್ನಿನ ಉಮಿಯೊ ನಗರದ ಫ್ರಿಡೆನ್ ಮತ್ತು ಸಂಗಡಿಗರು ಮೆಟ್ಟಿಲುಗಳನ್ನು ಓಡಿ ಇಳಿದವರ ಸ್ನಾಯುವಿನ ಚೂರನ್ನು ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ಪರೀಕ್ಷಿಸಿದರು. ಸ್ನಾಯುವಿನ ಎಳೆಗಳಲ್ಲಿ ಗಡಿಗೆರೆಗಳಂತೆ ಕಾಣುವ ಜೆಡ್ ಪಟ್ಟಿಗಳು ಅಲ್ಲಲ್ಲಿ ಕದಡಿಹೋಗಿದ್ದವು. ಥಿಯೋಡರ್ ಹಫ್ ಊಹಿಸಿದ ಹರಿತ ಎಂಬತ್ತು ವರ್ಷಗಳ ನಂತರ ಕಣ್ಣಿಗೆ ಕಂಡಿತು.

1983ರಲ್ಲಿ ಎರಡು ಮುಖ್ಯ ಪ್ರಯೋಗಗಳು ಬೆಳಕಿಗೆ ಬಂದವು. ಲಂಡನ್ನಿನಲ್ಲಿ ನ್ಯೂಹ್ಯಾಮ್ ಮತ್ತು ಸಂಗಡಿಗರು ಜನರನ್ನು ಒಂದು ಮಣೆಯ ಮೇಲೆ ಹತ್ತಿಸಿ ಇಳಿಸಿದರು: ಹತ್ತಲು ಯಾವಾಗಲೂ ಒಂದೇ ಕಾಲು, ಇಳಿಯುವಾಗ ಭಾರ ತಡೆಯಲು ಯಾವಾಗಲೂ ಇನ್ನೊಂದು ಕಾಲು. ಅನಂತರ ನೋವು ಬಂದದ್ದು ತಡೆದ ತೊಡೆಗೆ ಮಾತ್ರ. ಅಮೆರಿಕದಲ್ಲಿ ಶ್ವೇನ್ ಮತ್ತು ಸಂಗಡಿಗರು ಅದೇ ಜನರನ್ನು ಒಮ್ಮೆ ಸಮತಟ್ಟಾದ ಟ್ರೆಡ್‌ಮಿಲ್ ಮೇಲೆ, ಇನ್ನೊಮ್ಮೆ ನೂರಕ್ಕೆ ಹತ್ತರಷ್ಟು ಇಳಿಜಾರಿನ ಮೇಲೆ 45 ನಿಮಿಷ ಓಡಿಸಿದರು. ಸಮತಟ್ಟಿನ ಓಟದಲ್ಲಿ ಲ್ಯಾಕ್ಟಿಕ್ ಆಮ್ಲ ಏರಿತು, ಮರುದಿನ ನೋವು ಬರಲಿಲ್ಲ. ಇಳಿಜಾರಿನ ಓಟದಲ್ಲಿ ಆಮ್ಲ ಏರಲಿಲ್ಲ, ನೋವು ಬಂತು. ಆಮ್ಲದ ಮೇಲಿನ ಆಪಾದನೆ ಇಲ್ಲಿಗೆ ಬಿದ್ದುಹೋಯಿತು.

ಹಾಗಾದರೆ ಸಮತಟ್ಟಾದ ಮೈದಾನದಲ್ಲಿ ಓಡಿದ ಹೊಸಬರಿಗೆ ನೋವೇಕೆ ಎಂದು ನೀವು ಕೇಳಬಹುದು. ಓಟದ ಪ್ರತಿಯೊಂದು ಹೆಜ್ಜೆಯಲ್ಲೂ ಕಾಲು ನೆಲ ಮುಟ್ಟಿದಾಗ ತೊಡೆ ಮತ್ತು ಮೀನಖಂಡಗಳು ಮೈಯ ಭಾರವನ್ನು ಒಂದು ಕ್ಷಣ ತಡೆದು ಹಿಡಿಯಬೇಕು. ರೂಢಿಯಿದ್ದವನಿಗೆ ಅದು ಲೆಕ್ಕಕ್ಕಿಲ್ಲ. ಇಪ್ಪತ್ತು ವರ್ಷ ಕುರ್ಚಿಯಲ್ಲಿ ಕುಳಿತವನಿಗೆ ಸಾವಿರಾರು ಹೆಜ್ಜೆಗಳ ತಡೆ ಸಾಕುಬೇಕಾಗುತ್ತದೆ. ನೋವು ತಡವಾಗಿ ಬರುವುದಕ್ಕೂ ಕಾರಣವಿದೆ. ಜಗ್ಗಿದ ತತ್‌ಕ್ಷಣ ನೋಯುವುದಿಲ್ಲ. ದುರಸ್ತಿಗೆಂದು ದೇಹ ಕಳುಹಿಸುವ ಕೋಶಗಳು, ಹೊರಸೂಸುವ ರಾಸಾಯನಿಕಗಳು ನರಗಳ ತುದಿಗಳನ್ನು ಸೂಕ್ಷ್ಮಗೊಳಿಸುತ್ತವೆ. ನರಬೆಳವಣಿಗೆಯ ಒಂದು ಅಂಶವೂ ಬ್ರಾಡಿಕೈನಿನ್ ಎಂಬ ವಸ್ತುವೂ ಇದರಲ್ಲಿ ಮುಖ್ಯ ಪಾತ್ರ ವಹಿಸುತ್ತವೆಂದು ಜಪಾನಿನ ನಗೋಯಾದ ಸಂಶೋಧಕರು 2010ರಲ್ಲಿ ಇಲಿಗಳ ಮೇಲಿನ ಪ್ರಯೋಗದಿಂದ ತೋರಿಸಿದರು. ಎಂದರೆ ನೋವು ಒಡೆದುದರ ಗದ್ದಲಕ್ಕಿಂತ ಹೆಚ್ಚಾಗಿ ಕಟ್ಟುವುದರ ಗದ್ದಲ. ಒಂದರಿಂದ ಮೂರು ದಿನಗಳಲ್ಲಿ ತುದಿಗೇರಿ, ಸಾಮಾನ್ಯವಾಗಿ ವಾರದೊಳಗೆ ಶಮನವಾಗುತ್ತದೆ.

ಸ್ನಾಯುವಿನ ನೆನಪು

ಈ ಚರಿತ್ರೆಯಲ್ಲಿ ನನಗೆ ಅತ್ಯಂತ ಪ್ರಿಯವಾದ ಅಧ್ಯಾಯ ಇದು. 1985ರಲ್ಲಿ ಬರ್ನ್ಸ್ ಮತ್ತು ಸಂಗಡಿಗರು ಜನರನ್ನು ಇಳಿಜಾರಿನಲ್ಲಿ ಅರ್ಧ ಗಂಟೆ ಓಡಿಸಿ, ನಡುವೆ ಯಾವ ಅಭ್ಯಾಸವನ್ನೂ ಕೊಡದೆ, ವಾರಗಳ ನಂತರ ಮತ್ತೆ ಅಷ್ಟೇ ಓಡಿಸಿದರು. ಮೂರು ವಾರ, ಆರು ವಾರಗಳ ನಂತರ ಓಡಿದವರಿಗೂ ಎರಡನೆಯ ಸಲ ನೋವು ಗಣನೀಯವಾಗಿ ಕಡಿಮೆಯಿತ್ತು. ಒಮ್ಮೆ ಕಲಿತ ಪಾಠವನ್ನು ಸ್ನಾಯು ವಾರಗಟ್ಟಲೆ ಮರೆಯುವುದಿಲ್ಲ. ಅನೇಕ ವಿದ್ಯಾರ್ಥಿಗಳಿಗಿಂತ ವಾಸಿ ಎಂದು ತಮಾಷೆಗೆ ಹೇಳುತ್ತಿದ್ದೇನೆ, ಬೇಸರಿಸಬೇಡಿರಿ.

ಇದರ ಅರ್ಥವೇನು? ಮೂರನೆಯ ದಿನ ಬೂಟನ್ನು ಮೂಲೆಗಿಟ್ಟವನು ಶುಲ್ಕ ಕಟ್ಟಿ, ಪಾಠ ಆರಂಭವಾಗುವ ಹೊತ್ತಿಗೆ ಶಾಲೆ ಬಿಟ್ಟವನಂತೆ. ಅತಿ ಹೆಚ್ಚಿನ ನೋವು ಮೊದಲ ಸಲದ್ದೇ. ಅದನ್ನು ಉಂಡವನು ಎರಡನೆಯ ಸಲಕ್ಕೆ ನಿಲ್ಲುವುದೇ ಲಾಭ.

ಪರಿಹಾರಗಳ ಚರಿತ್ರೆ

ಕಾರಣದಂತೆ ಪರಿಹಾರಕ್ಕೂ ಚರಿತ್ರೆಯಿದೆ. 1961ರಲ್ಲಿ ಅಮೆರಿಕದ ಹರ್ಬರ್ಟ್ ಡಿವ್ರೀಸ್ ನೋವಿಗೆ ಸ್ನಾಯುವಿನ ಸೆಳೆತವೇ ಮೂಲವೆಂದೂ ನಿಧಾನವಾಗಿ ಎಳೆದು ಹಿಗ್ಗಿಸಿದರೆ ಅದು ಹೋಗುತ್ತದೆಂದೂ ಪ್ರತಿಪಾದಿಸಿದನು. ಓಟದ ಮೊದಲು ಕಾಲು ಹಿಗ್ಗಿಸುವ ಪದ್ಧತಿ ಜಗತ್ತಿನಾದ್ಯಂತ ಹರಡಲು ಇದು ಬಹಳ ನೆರವಾಯಿತು. ಆದರೆ ಅನೇಕ ಪ್ರಯೋಗಗಳನ್ನು ಒಟ್ಟುಗೂಡಿಸಿ ತೂಗಿ ನೋಡಿದ 2011ರ ಕಾಕ್ರೇನ್ ಪರಿಶೀಲನೆಯ ಪ್ರಕಾರ ಅದರಿಂದ ಮರುದಿನದ ನೋವು ಕಡಿಮೆಯಾಗುವುದು ನೂರು ಅಂಕಗಳ ಅಳತೆಯಲ್ಲಿ ಒಂದು ಅಂಕದಷ್ಟು ಮಾತ್ರ. ಹಿತವೆನಿಸಿದರೆ ಮಾಡಿರಿ, ನೋವು ಹೋಗುತ್ತದೆಂದು ನಂಬಿ ಮಾಡಬೇಡಿರಿ.

ಹಿಮದಂತಹ ತಣ್ಣೀರಿನಲ್ಲಿ ಕೂರುವುದು ಕ್ರೀಡಾಪಟುಗಳಲ್ಲಿ ಪ್ರಚಲಿತ. ಅದು ಸುಮ್ಮನಿರುವುದಕ್ಕಿಂತ ಸ್ವಲ್ಪ ಮೇಲು ಎಂದು 2012ರ ಮತ್ತೊಂದು ಕಾಕ್ರೇನ್ ಪರಿಶೀಲನೆ ಹೇಳಿತು. ಆದರೆ ಬಲವರ್ಧನೆಯ ಅಭ್ಯಾಸದ ನಂತರ ಪದೇ ಪದೇ ಹಾಗೆ ಮಾಡಿದರೆ ಸ್ನಾಯು ಬಲಿಯುವುದೇ ಕುಂಠಿತವಾಗುತ್ತದೆಂದು 2015ರಲ್ಲಿ ಆಸ್ಟ್ರೇಲಿಯದ ಸಂಶೋಧಕರು ಕಂಡರು. ಕೊನೆಗೆ, 2018ರಲ್ಲಿ ಫ್ರಾನ್ಸಿನ ಡುಪ್ವಿ ಮತ್ತು ಸಂಗಡಿಗರು 99 ಅಧ್ಯಯನಗಳನ್ನು ವಿಶ್ಲೇಷಿಸಿ, ಪರೀಕ್ಷಿಸಿದ ಉಪಾಯಗಳಲ್ಲಿ ನೋವಿಗೂ ಆಯಾಸಕ್ಕೂ ಹೆಚ್ಚು ಫಲಕಾರಿಯಾದದ್ದು ಅಂಗಮರ್ದನ ಎಂದು ನಿರ್ಣಯಿಸಿದರು. ಗ್ಯಾಲೆನ್ ಮತ್ತು ವಾಗ್ಭಟರು ಇದನ್ನು ಕೇಳಿದ್ದರೆ ಒಬ್ಬರ ಮುಖವನ್ನೊಬ್ಬರು ನೋಡಿ ನಗುತ್ತಿದ್ದರು.

ನೋವಿನ ಮಾತ್ರೆಗಳ ಬಗ್ಗೆ ಒಂದು ಎಚ್ಚರಿಕೆಯ ಮಾತು. ಅಮೆರಿಕದಲ್ಲಿ ನಡೆಯುವ 160 ಕಿಲೋಮೀಟರ್ ಓಟವೊಂದರಲ್ಲಿ ಐಬುಪ್ರೊಫೆನ್ ನುಂಗಿ ಓಡಿದವರಿಗೂ ನುಂಗದವರಿಗೂ ನೋವಿನಲ್ಲಿ ವ್ಯತ್ಯಾಸವಿರಲಿಲ್ಲವೆಂದು ಡೇವಿಡ್ ನೀಮನ್ ಮತ್ತು ಸಂಗಡಿಗರು 2006ರಲ್ಲಿ ವರದಿ ಮಾಡಿದರು. ನೀರು ಸಾಲದೆ ಒಣಗಿದ ಮೈಗೆ ಇಂತಹ ಮಾತ್ರೆ ಸೇರಿದರೆ ಮೂತ್ರಪಿಂಡಕ್ಕೆ ಅಪಾಯ. ಸಕ್ಕರೆ ಕಾಯಿಲೆ, ರಕ್ತದೊತ್ತಡ ಇರುವವರಂತೂ ವೈದ್ಯರನ್ನು ಕೇಳದೆ ನುಂಗಲೇಬಾರದು.

ಹೊಸಬರಿಗೆ ದಾರಿ ತೋರಿದವರು

1960ರ ರೋಮ್ ಒಲಿಂಪಿಕ್ಸ್‌ನಲ್ಲಿ ನ್ಯೂಜಿಲೆಂಡಿನ ಆರ್ಥರ್ ಲಿಡಿಯಾರ್ಡ್ ತರಬೇತಿ ಕೊಟ್ಟ ಸ್ನೆಲ್ ಮತ್ತು ಹಾಲ್‌ಬರ್ಗ್ ಒಂದೇ ದಿನ ಎರಡು ಚಿನ್ನ ಗೆದ್ದರು. ಆತನ ದೊಡ್ಡ ಕೊಡುಗೆ ಇದಲ್ಲ. ಆಕ್ಲೆಂಡಿನಲ್ಲಿ ಹೊಟ್ಟೆ ಬೆಳೆಸಿಕೊಂಡ ನಡುವಯಸ್ಸಿನವರನ್ನೂ ಹೃದ್ರೋಗಿಗಳನ್ನೂ ಒಟ್ಟುಗೂಡಿಸಿ ಮೆಲ್ಲೋಟ ಕಲಿಸಿದ್ದು. 1962ರ ಕೊನೆಯಲ್ಲಿ ಅಲ್ಲಿಗೆ ಹೋದ ಅಮೆರಿಕದ ಪ್ರಸಿದ್ಧ ತರಬೇತಿದಾರ ಬಿಲ್ ಬವರ್‌ಮನ್ ಅವರೊಡನೆ ಓಡಲು ಹೊರಟು ಹಿಂದೆ ಬಿದ್ದನು. ಎಪ್ಪತ್ತು ದಾಟಿದ, ಮೂರು ಸಲ ಹೃದಯಾಘಾತ ಕಂಡ ವೃದ್ಧರೊಬ್ಬರು ಕರುಣೆಯಿಂದ ಅವನ ಜೊತೆಗೆ ನಿಧಾನವಾಗಿ ಓಡಿದರಂತೆ. ಆಗ ಬವರ್‌ಮನ್‌ನಿಗೆ ಐವತ್ತೊಂದು ವಯಸ್ಸು. ಊರಿಗೆ ಮರಳಿ ಅವನು ಸಾರ್ವಜನಿಕರಿಗೆ ಮೆಲ್ಲೋಟ ಕಲಿಸಿದನು. ಹೃದಯತಜ್ಞ ಹ್ಯಾರಿಸ್ ಅವರೊಡನೆ 1967ರಲ್ಲಿ ಒಂದು ಪುಸ್ತಕವನ್ನು ಬರೆದನು. ಅದರ ಸಾರ ಇಷ್ಟೇ: ನಡಿಗೆಯನ್ನೂ ಓಟವನ್ನೂ ಬೆರೆಸು, ಮಾತನಾಡಲು ಉಸಿರು ಸಾಲದಷ್ಟು ವೇಗ ಬೇಡ, ಕಷ್ಟದ ದಿನದ ನಂತರ ಸುಲಭದ ದಿನವಿರಲಿ. ನಮ್ಮ ಹಿರಿಯರ ಅರ್ಧಶಕ್ತಿಯ ಸೂತ್ರಕ್ಕೆ ಇದು ಎಷ್ಟು ಹತ್ತಿರ ನೋಡಿರಿ.

ನಾನೂ ನಿವೃತ್ತಿಯ ನಂತರ ವೈದ್ಯರ ಸಲಹೆಯ ಮೇರೆಗೆ ಈ ಕ್ರಮದಲ್ಲಿಯೇ ಆರಂಭಿಸಿದೆ. ಆದರೂ ಮೊದಲ ವಾರ ಮದುವೆಯೊಂದರ ಪಂಕ್ತಿಯಲ್ಲಿ ನೆಲಕ್ಕೆ ಕೂರುವುದು ಕಷ್ಟವಾಯಿತು. "ರೀ, ಅರವತ್ತಕ್ಕೆ ಅರಳುಮರಳು ಅಂತಾರಲ್ಲ, ಇದೇ ಇರಬೇಕು" ಎಂದು ನನ್ನಾಕೆ ನಕ್ಕಳು. ಮೂರನೆಯ ವಾರದ ಹೊತ್ತಿಗೆ ನೋವು ಹೇಳದೆ ಕೇಳದೆ ಹೊರಟುಹೋಗಿತ್ತು. ಈಗ ಸಂಜೆ ಅವಳೂ ಜೊತೆಗೆ ನಡೆಯಲು ಬರುತ್ತಾಳೆ.

ನಾನು ವೈದ್ಯನಲ್ಲ. ಓದಿದ್ದನ್ನೂ ಅನುಭವಿಸಿದ್ದನ್ನೂ ಕೂಡಿಸಿ, ತರಗತಿಯ ಕೊನೆಗೆ ಕರಿಹಲಗೆಯ ಮೇಲೆ ಬರೆಯುತ್ತಿದ್ದಂತೆ, ಮುಖ್ಯಾಂಶಗಳನ್ನು ಕೊಡುತ್ತೇನೆ.

1. ನಲವತ್ತು ದಾಟಿದವರು, ಕಾಯಿಲೆಯಿರುವವರು ವೈದ್ಯರನ್ನು ಕಂಡು ಆರಂಭಿಸಿರಿ.

2. ಮೊದಲ ವಾರಗಳಲ್ಲಿ ಎರಡು ನಿಮಿಷ ನಡಿಗೆ, ಒಂದು ನಿಮಿಷ ಮೆಲ್ಲೋಟ ಎಂಬಂತೆ ಬೆರೆಸಿರಿ. ದಿನ ಬಿಟ್ಟು ದಿನ ಸಾಕು. ಇಳಿಜಾರನ್ನು ಆರಂಭದಲ್ಲಿ ದೂರವಿಡಿರಿ.

3. ನೋವು ಬಂದ ದಿನ ಹಾಸಿಗೆ ಹಿಡಿಯಬೇಡಿರಿ, ಓಡಲೂ ಬೇಡಿರಿ. ಸಮತಟ್ಟಿನಲ್ಲಿ ನಡೆಯಿರಿ. ಚಲನೆಯಿಂದ ನೋವು ತಾತ್ಕಾಲಿಕವಾಗಿ ತಗ್ಗುತ್ತದೆ.

4. ಬೆಚ್ಚನೆಯ ಎಣ್ಣೆ ಹಚ್ಚಿ ಹಗುರವಾಗಿ ತಿಕ್ಕಿರಿ, ಬಿಸಿನೀರಿನ ಸ್ನಾನ ಮಾಡಿರಿ, ಚೆನ್ನಾಗಿ ನಿದ್ರಿಸಿರಿ.

5. ನೋವುಗಳ ಜಾತಿ ತಿಳಿಯಿರಿ. ಎರಡೂ ಕಾಲಿನ ಸ್ನಾಯುವಿನಲ್ಲಿ ಹರಡಿಕೊಂಡು ನಾಲ್ಕೈದು ದಿನಗಳಲ್ಲಿ ಇಳಿಯುವುದು ಸಹಜ. ಒಂದೇ ಬಿಂದುವಿನಲ್ಲಿ ಚುಚ್ಚುವುದು, ಮೂಳೆ ಅಥವಾ ಕೀಲಿನಲ್ಲಿ ಇರುವುದು, ಒಂದೇ ಕಾಲು ಊದುವುದು, ವಾರ ಕಳೆದರೂ ಹೋಗದಿರುವುದು ಸಹಜವಲ್ಲ.

6. ಮೂತ್ರ ಕಪ್ಪು ಚಹಾದ ಬಣ್ಣಕ್ಕೆ ತಿರುಗಿದರೆ ಒಡನೆಯೇ ಆಸ್ಪತ್ರೆಗೆ ಹೋಗಿರಿ. ಒಡೆದ ಸ್ನಾಯುವಿನ ವಸ್ತು ಮೂತ್ರಪಿಂಡವನ್ನು ಕೆಡಿಸುತ್ತಿರುವ ಸೂಚನೆ ಅದಾಗಿರಬಹುದು. ಎದೆನೋವು, ತಲೆಸುತ್ತು ಬಂದರೂ ಹಾಗೆಯೇ ತಡಮಾಡಬಾರದು.

ಒಂದು ತಪ್ಪು ವಿವರಣೆ ದೊಡ್ಡವರ ಹೆಸರಿನ ನೆರಳಿನಲ್ಲಿ ಎಷ್ಟು ದೀರ್ಘಕಾಲ ಬಾಳಬಲ್ಲದು ಎಂಬುದನ್ನು ಈ ಚರಿತ್ರೆ ಕಲಿಸುತ್ತದೆ. ಥಿಯೋಡರ್ ಹಫ್ ಬೆರಳಿನಿಂದ ಕಂಡ ಸತ್ಯ ಬಹುಜನರ ಕಿವಿಗೆ ಇನ್ನೂ ಮುಟ್ಟಿಲ್ಲ. "ಕಾಲಿನಲ್ಲಿ ಆಮ್ಲ ನಿಂತಿದೆ" ಎಂಬ ಮಾತು ಇಂದಿಗೂ ಮೈದಾನಗಳಲ್ಲಿ ಕೇಳಿಬರುತ್ತದೆ. ನಿಮ್ಮ ಮಕ್ಕಳೂ ಓಡುತ್ತಾರೆ, ಅವರ ಕಾಲೂ ನೋಯುತ್ತದೆ. ಆಗ ಅವರನ್ನು ಸೋಮಾರಿಗಳೆನ್ನಬೇಡಿರಿ, ಹೆದರಿಸಲೂ ಬೇಡಿರಿ. ಹೊಸ ಪಾಠವನ್ನು ಕಾಲು ಬರೆದುಕೊಳ್ಳುತ್ತಿದೆ, ಎರಡು ದಿನ ಸಮಯ ಕೊಡು ಎಂದು ಹೇಳಿರಿ. ಮೂಲೆಯಲ್ಲಿ ಬೂಟು ಇಟ್ಟವರು ಧೂಳು ಕೊಡವಿ ನಾಳೆ ಬೆಳಿಗ್ಗೆ ಹೊರಡಿರಿ, ಮೊದಲು ನಡೆಯುತ್ತಾ.

ನಿಮಗೆಲ್ಲ ಆಯುರಾರೋಗ್ಯವನ್ನು ಹಾರೈಸುತ್ತೇನೆ.